ಸೋರುವುದು ನಿಂತ ದಿನ

ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಬಾಡಿಗೆ ಮನೆಯ ವರಾಂಡದಲ್ಲಿ, ಕೆಂಪು ಗಾರೆಯ ನೆಲದ ಮೇಲೆ, ದೋಸೆ ಹೆಂಚಿನಷ್ಟು ಅಗಲದ ಒಂದು ಕರಿ ಕಲೆ ಇತ್ತು. ಜಯದೇವಪ್ಪನವರ ಎಂಬತ್ತಾರನೇ ಇಸವಿಯ ಮೋಟಾರ್ ಸೈಕಲ್ಲು ಇಪ್ಪತ್ತೆರಡು ವರ್ಷ ಅದೇ ಜಾಗದಲ್ಲಿ ನಿಂತು, ಹನಿಹನಿಯಾಗಿ ಎಣ್ಣೆ ಸುರಿಸಿ ಮಾಡಿಟ್ಟ ಕಲೆ ಅದು. ಇನ್ನಷ್ಟು ಹರಡದಿರಲೆಂದು ಅವರ ಹೆಂಡತಿ ಬಸವಲಿಂಗಮ್ಮ ಗಾಡಿಯ ಅಡಿಗೆ ಬಿಸ್ಕತ್ತಿನ ಡಬ್ಬಿಯ ತಗಡಿನ ಮುಚ್ಚಳ ಇಟ್ಟಿದ್ದರು. ಬೆಳಿಗ್ಗೆ ಎದ್ದು ಅದನ್ನು ಬರಿದು ಮಾಡುವುದು ಮಗಳು ಸ್ಪಂದನಾಳ ಕೆಲಸ.

"ಈ ಗಾಡಿಗೆ ಹಾಕಿದ ಎಣ್ಣೇಲಿ ಒಂದು ಊರಿಗೇ ಒಗ್ಗರಣೆ ಹಾಕ್ಬಹುದಿತ್ತು," ಎಂದು ಬಸವಲಿಂಗಮ್ಮ ದಿನಕ್ಕೊಮ್ಮೆಯಾದರೂ ಅನ್ನದೆ ಬಿಡುತ್ತಿರಲಿಲ್ಲ. ಜಯದೇವಪ್ಪ ಕೇಳಿಸದವರಂತೆ ಪೇಪರ್ ಓದುತ್ತಿದ್ದರು. ಸ್ಪಂದನಾ ನಗುತ್ತಿದ್ದಳು, ಅದೂ ಒಳಗೊಳಗೇ. ಪದವಿ ಮುಗಿಸಿ ಮೂರು ವರ್ಷವಾಗಿತ್ತು. ಮನೆಯಲ್ಲೇ ಕೂತು ಒಂದು ಪ್ರಕಾಶನದವರಿಗೆ ಕರಡು ತಿದ್ದಿಕೊಡುತ್ತಿದ್ದಳು. ಇನ್ನೊಬ್ಬರು ಬರೆದದ್ದರಲ್ಲಿ ಒಂದು ದೀರ್ಘ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೆ ಗೇಟಿಗೆ ಯಾರಾದರೂ ಬಂದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು. ಕೊರಿಯರ್ ಹುಡುಗನ ಹತ್ತಿರ ಎರಡು ಮಾತಾಡಬೇಕೆಂದರೂ ಒಳಗೆ ಒಂದು ಸಲ ಅಂದು ನೋಡಿಕೊಂಡು ಹೊರಗೆ ಬರುವ ಹುಡುಗಿ.

ಗಾಡಿಯ ಸೋರಿಕೆಗೆ ಒಂದು ಕಥೆಯಿತ್ತು, ಆ ಕಥೆಗೆ ವೆಂಕಟಸ್ವಾಮಿ ಎಂಬ ಹೆಸರಿತ್ತು.

ವೆಂಕಟಸ್ವಾಮಿ ಹುಳಿಮಾವಿನ ಹಳೆಯ ಒಕ್ಕಲು ಮನೆತನದವರು. ಜಯದೇವಪ್ಪ ಟರ್ನರ್, ಅವರು ಫಿಟ್ಟರ್. ಒಂದೇ ಕಾರ್ಖಾನೆಯ ಒಂದೇ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಉಂಡವರು. ಈ ಗಾಡಿಯನ್ನು ಕೊಳ್ಳುವಾಗ ತಟ್ಟಿ, ಕಿವಿಗೊಟ್ಟು, "ಉಸಿರು ಚೆನ್ನಾಗಿದೆ, ತಗೊಳೋ," ಎಂದದ್ದೂ ವೆಂಕಟಸ್ವಾಮಿಯೇ. ಭಾನುವಾರ ಬಂದರೆ ಇಬ್ಬರೂ ವರಾಂಡದಲ್ಲಿ ಗೋಣಿಚೀಲ ಹಾಸಿ, ಎಂಜಿನ್ ಬಿಚ್ಚಿ ಕೂರುತ್ತಿದ್ದರು. ಎಂಜಿನ್ನಿನ ಮುಚ್ಚಳಗಳ ಸಂದಿನಲ್ಲಿ ಎಣ್ಣೆ ಹೊರಗೆ ಬರದಂತೆ ಒಂದು ರಟ್ಟಿನ ಪ್ಯಾಕಿಂಗ್ ಕೂರಿಸುತ್ತಾರೆ. ಅದನ್ನು ಅಂಗಡಿಯಿಂದ ತರುವುದು ವೆಂಕಟಸ್ವಾಮಿಗೆ ನಾಚಿಕೆಯ ಸಂಗತಿ. ಕೈಯಿಂದಲೇ ಕತ್ತರಿಸಬೇಕು, ಅದೂ ತಿಥಿ ಕಾರ್ಡಿನಲ್ಲಿ.

"ಮದುವೆ ಕಾರ್ಡಿಗೆ ಅರಿಶಿನ ಹಚ್ಚಿರ್ತಾರೆ, ಅದಕ್ಕೆ ಕತ್ತರಿ ಹಾಕ್ಬಾರ್ದು. ತಿಥಿ ಕಾರ್ಡ್ ನೋಡು, ಯಾರೂ ಮನೆಯೊಳಗೆ ಸೇರಿಸಲ್ಲ. ಓದಿ ಆಚೇನೇ ಬಿಸಾಕ್ತಾರೆ. ಪಾಪ, ನಮ್ಮ ಎಂಜಿನ್ನಲ್ಲಾದ್ರೂ ಸೇರ್ಕೊಳ್ಳಿ ಬಿಡು. ಖರ್ಚಿಲ್ದೆ ಇನ್ನೊಂದಷ್ಟು ದಿನ ಊರು ಸುತ್ಲಿ," ಎಂದು ಅವರು ಹಲ್ಲು ಬಿಡುತ್ತಿದ್ದರು. ಹಾಗಾಗಿ ಈ ಮನೆಗೆ ಬಂದ ತಿಥಿ ಕಾರ್ಡುಗಳೆಲ್ಲ ಹೊಸಿಲು ದಾಟದೆ, ವರಾಂಡದ ಮೂಲೆಯಲ್ಲಿದ್ದ ತಗಡಿನ ಟೂಲ್ ಬಾಕ್ಸಿಗೆ ಬೀಳುವುದು ವಾಡಿಕೆಯಾಯಿತು.

ಆರು ವರ್ಷದ ಹಿಂದೆ ವೆಂಕಟಸ್ವಾಮಿ ತಮ್ಮ ಹಳೆ ಮನೆಯಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಕಟ್ಟಿಸಿ ಗೃಹಪ್ರವೇಶ ಮಾಡಿದರು. ಕೆಳಗೆ ಗಾಡಿ ನಿಲ್ಲಿಸುವ ಜಾಗಕ್ಕೂ ಮುಖ ಕಾಣುವಂಥ ಗ್ರಾನೈಟು. ಜಯದೇವಪ್ಪ ಸಲಿಗೆಯಿಂದ ಸೀದಾ ಒಳಗೇ ಗಾಡಿ ನಿಲ್ಲಿಸಿದರು. ಹೋಮ ಮುಗಿದು ಎಲೆ ಹಾಕುವ ಹೊತ್ತಿಗೆ ಹೊಸ ಕಲ್ಲಿನ ಮೇಲೆ ಅಂಗೈಯಗಲ ಎಣ್ಣೆ.

"ಲೋ ಜಯಾ, ಎಲ್ರೂ ಸ್ಟೀಲ್ ಪಾತ್ರೆ ತಂದಿದ್ರೆ ನೀನು ಎಣ್ಣೆ ತಂದಿದೀಯಲ್ಲೋ! ತೆಗ್ದು ಆಚೆ ನಿಲ್ಸೋ. ಇದೇನು ನಿಮ್ಮ ಬಾಡಿಗೆ ಮನೆ ವರಾಂಡ ಅಂದ್ಕೊಂಡ್ಯಾ?"

ಪಂಕ್ತಿಯೆಲ್ಲ ನಕ್ಕಿತು. ಅಂಥ ಮಾತನ್ನು ವೆಂಕಟಸ್ವಾಮಿ ಅದಕ್ಕೆ ಮುಂಚೆ ಸಾವಿರ ಆಡಿದ್ದರು, ಜಯದೇವಪ್ಪ ಎರಡು ಸಾವಿರ ಹಿಂದಿರುಗಿಸಿದ್ದರು. ಆದರೆ ಅಂದು, ಅಷ್ಟು ಜನರ ಮುಂದೆ, ಬಾಡಿಗೆ ಮನೆ ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಎಲೆಯ ಮುಂದೆ ಕೂತಿದ್ದವರು ಎದ್ದರು. ಅನ್ನ ಬಡಿಸಿದ ಎಲೆ. ಹದಿನೆಂಟರ ಸ್ಪಂದನಾ ಪಕ್ಕದಲ್ಲೇ ಕೂತಿದ್ದಳು. ಅಪ್ಪ ಎದ್ದದ್ದು ನೋಡಿ ಬಾಯಲ್ಲಿದ್ದ ಕೋಸಂಬರಿ ನುಂಗಲೋ ಬೇಡವೋ ತಿಳಿಯಲಿಲ್ಲ.

"ಇದು ಸೋರೋದು ನಿಂತ ದಿನ ಬರ್ತೀನಿ ನಿನ್ನ ಮನೆಗೆ. ಅಲ್ಲೀವರ್ಗೂ ನಿನ್ನ ಗ್ರಾನೈಟು ನಿನಗೇ ಇರ್ಲಿ," ಎಂದರು ಜಯದೇವಪ್ಪ.

"ಹಂಗಾದ್ರೆ ನೀನು ಬಂದಂಗೇ! ಆ ಟ್ಯಾಪೆಟ್ ಕವರ್ ಮುಚ್ಚಳ ಬಗ್ಗಿದೆ, ಸಮ ಆಗೋವರ್ಗೂ ಗಾಜಿನ ಮೇಲಿಟ್ಟು ಉಜ್ಜು ಅಂತ ಹತ್ತು ವರ್ಷದಿಂದ ಬಡ್ಕೋತಿದೀನಿ. ಕೇಳ್ತೀಯಾ ನೀನು?" ಎಂದು ವೆಂಕಟಸ್ವಾಮಿ ಇನ್ನೂ ತಮಾಷೆಯೆಂದೇ ತಿಳಿದು ಕೂಗಿದರು. ಗಾಡಿ ಗೇಟು ದಾಟಿದ ಮೇಲೆ ಅವರ ನಗು ನಿಂತಿರಬೇಕು.

ಆರು ವರ್ಷ. ಇವರು ಹೋಗಲಿಲ್ಲ, ಅವರು ಬರಲಿಲ್ಲ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿ, ಜೊತೆಯವರೆಲ್ಲ ದಿಕ್ಕಿಗೊಬ್ಬರಾಗಿ ಹೋದರು. ಜಯದೇವಪ್ಪ ಮೊದಲೆರಡು ವರ್ಷ ಸೋರಿಕೆ ನಿಲ್ಲಿಸಲು ಏನೆಲ್ಲ ಮಾಡಿದರು. ಅಂಟು ಬಳಿದರು, ನಟ್ಟು ಬಿಗಿದರು, ಎಂದೂ ಮಾಡದವರು ಅಂಗಡಿಯ ಪ್ಯಾಕಿಂಗ್ ಕೂಡ ತಂದರು. ಗಾಜಿನ ಮೇಲೆ ಮಾತ್ರ ಉಜ್ಜಲಿಲ್ಲ. ಉಜ್ಜಿ, ಅದು ನಿಂತುಬಿಟ್ಟರೆ ವೆಂಕಟಸ್ವಾಮಿ ಹೇಳಿದ್ದೇ ಸರಿಯಾದಂತಾಯಿತಲ್ಲ!

ಈ ಸಲ ಸಂಕ್ರಾಂತಿಯ ಮಾರನೆಯ ದಿನವೇ ಜಯದೇವಪ್ಪನವರ ಬಲಗಣ್ಣಿನ ಪೊರೆ ತೆಗೆಸಿದರು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಕಬಾರದು, ಅಳಬಾರದು ಎಂದು ಡಾಕ್ಟರು ಪಟ್ಟಿ ಕೊಟ್ಟಿದ್ದರು. ಬಸವಲಿಂಗಮ್ಮ ಅದಕ್ಕೆ ತಮ್ಮದೂ ಒಂದನ್ನು ಸೇರಿಸಿ, ಗಂಡನ ಫೋನನ್ನು ಆಫ್ ಮಾಡಿ ಬೀರುವಿನಲ್ಲಿ ಇಟ್ಟುಬಿಟ್ಟರು. ಹೊರಗೆ ಗಾಡಿ ತೊಟ್ಟಿಕ್ಕುತ್ತಿತ್ತು, ಒಳಗೆ ಯಜಮಾನರು ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದರು. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅನ್ನೋ ಗಾದೆ ನಿಮ್ಮನ್ನ ನೋಡೇ ಮಾಡಿರ್ಬೇಕು," ಎಂದು ಬಸವಲಿಂಗಮ್ಮ ಅಂದಾಗ ಜಯದೇವಪ್ಪನವರಿಗೂ ನಗು ತಡೆಯಲಾಗಲಿಲ್ಲ. "ನಗಿಸ್ಬೇಡ್ವೇ, ನಕ್ರೂ ಕಣ್ಣಲ್ಲಿ ನೀರು ಬರುತ್ತೆ."

ಆಪರೇಷನ್ ಆದ ಐದನೆಯ ದಿನ ಗೇಟಿನ ಚಿಲಕ ಸದ್ದಾಯಿತು. ಅಮ್ಮ ತರಕಾರಿಗೆ ಹೋಗಿದ್ದರು. ಸ್ಪಂದನಾ ಬಂದು ನೋಡಿದರೆ ಹೆಲ್ಮೆಟ್ ಹಾಕಿಕೊಂಡಿದ್ದ ಒಬ್ಬ ಗಂಡಸು, ಸ್ಕೂಟರಿನಿಂದ ಇಳಿದು ನಿಂತಿದ್ದ.

"ಜಯದೇವಪ್ಪ ಅಂಕಲ್ ಇದಾರಾ?"

"ಮಲಗಿದ್ದಾರೆ. ಕಣ್ಣಿನ ಆಪರೇಷನ್ ಆಗಿದೆ."

"ಓ... ಹಂಗಾದ್ರೆ ಏಳ್ಸೋದು ಬೇಡ. ಇದನ್ನ ಕೊಟ್ಬಿಡಿ. ಮರೀಬೇಡಿ."

ಕವರಿನ ಮೂಲೆಗಳಲ್ಲಿ ಅರಿಶಿನವಿರಲಿಲ್ಲ. ಏನೆಂದು ಅವಳಿಗೆ ಗೊತ್ತಾಯಿತು. ಅವನು ಒಂದು ಕ್ಷಣ ನಿಂತ, ಅವಳೇನೋ ಕೇಳಬಹುದು ಎಂಬಂತೆ. ಯಾರು ಬಂದಿದ್ರು ಅಂತ ಹೇಳ್ಲಿ ಎಂದು ಕೇಳಬೇಕಿತ್ತು. ಅದನ್ನು ಒಳಗೆ ಒಮ್ಮೆ ಅಂದು ನೋಡಿಕೊಳ್ಳುವಷ್ಟರಲ್ಲಿ ಅವನು ಸ್ಕೂಟರ್ ಹತ್ತಿದ್ದ. ಅವನು ಬರ್ತೀನಿ ಅನ್ನಲಿಲ್ಲ; ಅಂಥ ಕಾರ್ಡು ಕೊಟ್ಟವರು ಅನ್ನುವುದಿಲ್ಲ. ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು.

ಕವರಿನ ಮೇಲೆ ಅಪ್ಪನ ಹೆಸರು ಮಾತ್ರ ಇತ್ತು. ಅವಳು ಬಿಚ್ಚಲಿಲ್ಲ. ಸತ್ತವರ ಹೆಸರು, ಹುಟ್ಟಿದ ದಿನ, ಹೋದ ದಿನ ಓದಿದರೆ ಅವಳಿಗೆ ಎರಡು ದಿನ ಅನ್ನ ಸೇರುತ್ತಿರಲಿಲ್ಲ, ಪರಿಚಯವಿಲ್ಲದವರಾದರೂ ಸರಿ. ಕವರನ್ನು ಹಾಗೇ ಟೂಲ್ ಬಾಕ್ಸಿನೊಳಗೆ ಎಲ್ಲದರ ಮೇಲೆ ಇಟ್ಟಳು. ಅಮ್ಮ ಬಂದ ಮೇಲೆ ಹೇಳಿದಳು.

"ಫ್ಯಾಕ್ಟರಿ ಕಡೆಯವರು ಯಾರಾದ್ರೂ ಇರ್ಬೇಕು. ಈಗ ಅವ್ರಿಗೆ ಹೇಳೋಕೆ ಹೋಗ್ಬೇಡ. ಅಳಬಾರ್ದು ಅಂದಿದಾರೆ ಡಾಕ್ಟ್ರು. ಕಟ್ಟು ಬಿಚ್ಚಿದ್ಮೇಲೆ ಅವ್ರೇ ನೋಡ್ಕೊಳ್ಲಿ," ಎಂದರು ಬಸವಲಿಂಗಮ್ಮ.

ಕಟ್ಟು ಬಿಚ್ಚುವ ಹೊತ್ತಿಗೆ ಇಬ್ಬರೂ ಮರೆತಿದ್ದರು.

ಹೊಸ ಕಣ್ಣು ಬಂದ ಜಯದೇವಪ್ಪ ಒಂದು ವಾರ ಮಗುವಿನಂತಾದರು. ಗೋಡೆಯ ಬಣ್ಣ ಇಷ್ಟು ಮಾಸಿದೆಯೇ ಎಂದು ಆಶ್ಚರ್ಯ, ಹೆಂಡತಿಯ ತಲೆ ಇಷ್ಟು ನೆರೆತದ್ದು ಯಾವಾಗ ಎಂದು ಆಶ್ಚರ್ಯ. ಒಂದು ಬೆಳಿಗ್ಗೆ ಕರಿ ಕನ್ನಡಕ ಹಾಕಿಕೊಂಡು ವರಾಂಡಕ್ಕೆ ಬಂದವರು ಗಾಡಿಯ ಮುಂದೆ ತುಂಬ ಹೊತ್ತು ನಿಂತರು.

"ಎಷ್ಟು ಸೋರ್ತಿದೆ ನೋಡು ಇದು. ನನಗೆ ಗೊತ್ತೇ ಆಗಿರ್ಲಿಲ್ಲ."

"ಇಪ್ಪತ್ತೆರಡು ವರ್ಷದಿಂದ ಇಡೀ ಬೀದಿಗೆ ಗೊತ್ತು," ಎಂದು ಒಳಗಿನಿಂದ ಉತ್ತರ ಬಂತು.

ಅವರು ಅದಕ್ಕೆ ಕಿವಿಗೊಡಲಿಲ್ಲ. ತಗ್ಗಿದ ದನಿಯಲ್ಲಿ, ಮಗಳಿಗೆ ಮಾತ್ರ ಕೇಳುವಂತೆ ಅಂದರು: "ಕಣ್ಣು ಬಂದಿದೆ ಸ್ಪಂದು. ಆ ಬಡ್ಡಿಮಗನ ಮುಖ ಒಂದ್ಸಲ ನೋಡ್ಬೇಕು. ಅವನಿಗೂ ಅರವತ್ತಾರು. ಇನ್ನೆಷ್ಟು ದಿನ ಈ ಹಟ?"

ಯಾರ ಮುಖ ಎಂದು ಅವಳು ಕೇಳಬೇಕಾಗಿರಲಿಲ್ಲ. "ಆಟೋದಲ್ಲಿ ಹೋಗ್ಬರೋಣ ಅಪ್ಪ. ಇವತ್ತೇ."

"ಮಾತು ಆಡಿದೀನಲ್ಲ. ನಿಲ್ಸೇ ಹೋಗ್ಬೇಕು." ಗಾಡಿಯ ಟ್ಯಾಂಕ್ ತಟ್ಟಿ, "ಒಂದು ಗಾಜಿನ ತುಂಡು ಬೇಕು. ಉಜ್ಜೋಕೆ ಝೀರೋ ನಂಬರ್ ಎಮರಿ ಪೇಪರ್ ತಗೊಂಬಾ. ನಾನು ಬಗ್ಗೋ ಹಾಗಿಲ್ಲ, ನೀನೇ ಮಾಡ್ಬೇಕು," ಎಂದರು.

ಗಾಜು ಎಂದ ಕೂಡಲೇ ಸ್ಪಂದನಾಳ ಎದೆ ತುಂಬಿತು. ಆರು ವರ್ಷ ಒಪ್ಪದಿದ್ದುದನ್ನು ಅಪ್ಪ ಒಪ್ಪಿದ್ದರು.

ಮಾರನೆಯ ದಿನ ಭಾನುವಾರ. ಜಯದೇವಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತರು. ಸ್ಪಂದನಾ ಅಮ್ಮನ ಹಳೇ ನೈಟಿ ತೊಟ್ಟು ಗೋಣಿಚೀಲದ ಮೇಲೆ ಕೂತಳು. ಮೊದಲು ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದಳು. ಆಮೇಲೆ ಅಪ್ಪ ಹೇಳಿದಂತೆ ತನ್ನ ಮುಖದ ಪೌಡರ್ ತಂದು ಎಂಜಿನ್ ಮೇಲೆಲ್ಲ ಉದುರಿಸಿ, ಗಾಡಿಯನ್ನು ಹತ್ತು ನಿಮಿಷ ಓಡಲು ಬಿಟ್ಟಳು. ಎಲ್ಲಿ ಸೋರುತ್ತದೋ ಅಲ್ಲಿ ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಮೂಡುತ್ತದೆ.

"ಕಟ್ಕೊಂಡೋಳು ಒಂದಿನ ಪೌಡರ್ ಹಾಕ್ಕೊಂಡ್ರೆ ಯಾವ ನಾಟಕಕ್ಕೆ ಅಂತ ಕೇಳ್ತಾರೆ. ಗಾಡಿಗೆ ಮಾತ್ರ ಅಲಂಕಾರ," ಎಂದರು ಕಾಫಿ ತಂದ ಬಸವಲಿಂಗಮ್ಮ.

ಗೆರೆ ಮೂಡಿದ್ದು ಎಂಜಿನ್ನಿನ ಬಲಮಗ್ಗುಲಲ್ಲಿ, ಒಂದೇ ನಟ್ಟಿನ ಮೇಲೆ ನಿಂತ ಅಂಗೈಯಗಲದ ಮುಚ್ಚಳದ ಕೆಳಗೆ. ಅದೇ ಟ್ಯಾಪೆಟ್ ಕವರ್. ವೆಂಕಟಸ್ವಾಮಿ ಹೇಳಿದ್ದ ಜಾಗ. ಜಯದೇವಪ್ಪ, "ಹ್ಞೂಂ," ಎಂದರು, ಅಷ್ಟೇ.

ಎಂಜಿನ್ ಆರಿದ ಮೇಲೆ ಅವಳು ನಟ್ಟು ತೆಗೆದಳು. ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದಳು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಮುಚ್ಚಳವನ್ನು ಮಗುಚಿ ಇಟ್ಟು ಎಂಟರ ಅಂಕಿಯಂತೆ ಉಜ್ಜತೊಡಗಿದಳು. ಎರಡು ಕಡೆ ಬೆಳ್ಳಗೆ ಹೊಳೆಯಿತು, ನಡುವೆ ಕಪ್ಪಾಗಿಯೇ ಉಳಿಯಿತು. ಬಗ್ಗಿದ್ದು ನಿಜ. ಒಂದು ಗಂಟೆ ಉಜ್ಜಿದ ಮೇಲೆ ಸುತ್ತಲೂ ಒಂದೇ ಹೊಳಪು ಬಂತು. ಅಂಗೈ ಬೊಬ್ಬೆ ಎದ್ದಿತ್ತು.

"ಈಗ ಪ್ಯಾಕಿಂಗು. ಬಾಕ್ಸಲ್ಲಿ ಕಾರ್ಡ್ ಇರ್ಬೇಕು ನೋಡು. ಮೇಲಿರೋದೇ ತಗೋ. ಹೊಸದಾದ್ರೆ ಗಟ್ಟಿ ಇರುತ್ತೆ."

ಮೇಲಿದ್ದದ್ದು ಆ ಕವರು. ಬಂದವನ ಹೆಲ್ಮೆಟ್ಟು ಅವಳ ಕಣ್ಣ ಮುಂದೆ ಒಮ್ಮೆ ಸುಳಿಯಿತು. ಅಪ್ಪನಿಗೆ ಈಗಲಾದರೂ ಹೇಳಬೇಕು ಎನಿಸಿತು. ಆದರೆ ತಿಂಗಳು ದಾಟಿತ್ತು, ತಿಥಿ ಮುಗಿದಿತ್ತು, ಅಪ್ಪ ಆರು ವರ್ಷದಲ್ಲಿ ಇಷ್ಟು ಗೆಲುವಾಗಿದ್ದು ಅವಳು ಕಂಡಿರಲಿಲ್ಲ. ಯಾರೋ ಏನೋ, ಸಂಜೆ ಹೇಳಿದರಾಯಿತು ಎಂದುಕೊಂಡಳು. ಕವರಿನಿಂದ ಹೊರಗೆಳೆದ ಕಾರ್ಡು ಒಂದೇ ಹಾಳೆಯದು, ದಪ್ಪನೆಯದು, ಬೆಲೆಯುಳ್ಳದ್ದು. ಒಬ್ಬರ ಹೆಸರಿನ ಮೇಲೆ ಕತ್ತರಿ ಆಡಿಸಲು ಮನಸ್ಸು ಬಾರದೆ, ಅಕ್ಷರವಿದ್ದ ಮಗ್ಗುಲನ್ನು ನೋಡದೆಯೇ ಕೆಳಗೆ ಮಾಡಿ, ಬರಿ ಬಿಳಿ ಮಗ್ಗುಲನ್ನು ಮೇಲಿಟ್ಟುಕೊಂಡಳು.

ಅಪ್ಪ ಹೇಳಿಕೊಟ್ಟಂತೆ ಮುಚ್ಚಳದ ಅಂಚಿಗೆ ಎಣ್ಣೆ ಸವರಿ ಕಾರ್ಡಿನ ಮೇಲೊತ್ತಿದಳು. ಅಚ್ಚು ಬಿತ್ತು. ಅಚ್ಚಿನ ಹೊರಗೆರೆ ಹಿಡಿದು ಒಮ್ಮೆ, ಒಳಗೆರೆ ಹಿಡಿದು ಒಮ್ಮೆ ಕತ್ತರಿಸಿದಳು. ಬಳೆಯಂಥ ಪ್ಯಾಕಿಂಗ್ ಕೈಗೆ ಬಂತು. ನಡುವಿನ ತುಂಡು ಇಡಿಯಾಗಿ ಕಳಚಿ ಬಾಕ್ಸಿನೊಳಗೆ ಬಿತ್ತು. ಪ್ಯಾಕಿಂಗನ್ನು ಎರಡೂ ಕಡೆ ಎಣ್ಣೆಯಲ್ಲಿ ನೆನೆಸಿ, ಕೂರಿಸಿ, ಮುಚ್ಚಳ ಹಾಕಿ, ನಟ್ಟು ಬಿಗಿದಳು.

"ಸಾಕು, ಸಾಕು. ಜಾಸ್ತಿ ಬಿಗೀಬಾರ್ದು. ಅವನು ಹೇಳ್ತಿದ್ದ, ನಟ್ಟು ಅನ್ನೋದು ನೆಂಟರ ಹಾಗೆ, ಹಿಡ್ಕೊಂಡಿರ್ಬೇಕು, ಹಿಂಡ್ಬಾರ್ದು ಅಂತ," ಎಂದು ಜಯದೇವಪ್ಪ ನಕ್ಕರು.

ಎಣ್ಣೆ ಹಿಡಿಯುತ್ತಿದ್ದ ತಗಡಿನ ಮುಚ್ಚಳ ತೆಗೆದು ಗಾಡಿಯ ಕೆಳಗೆ ಪೇಪರ್ ಹಾಳೆ ಹಾಸಿದರು. ಸೋಮವಾರ ಬೆಳಿಗ್ಗೆ ಹಾಳೆ ಹೇಗಿತ್ತೋ ಹಾಗೇ ಇತ್ತು. ಮಂಗಳವಾರವೂ ಹಾಗೇ. ಬುಧವಾರ ಸ್ಪಂದನಾ ಮುಖ ತೊಳೆಯದೆ ಓಡಿ ಬಂದು ನೋಡಿದರೆ ಅಪ್ಪ ಆಗಲೇ ಹಾಳೆ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಒಂದು ಹನಿ ಇಲ್ಲ. ಆ ಮೂರು ಹಾಳೆಗಳನ್ನು ಮಡಿಸಿ ಎತ್ತಿಟ್ಟರು. ಆ ಸಂಭ್ರಮದಲ್ಲಿ ಸಂಜೆ ಹೇಳಬೇಕೆಂದಿದ್ದ ಮಾತು ಯಾವ ಸಂಜೆಯೂ ಬಾಯಿಗೆ ಬರಲಿಲ್ಲ.

ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳುವವರೆಗೆ ಇನ್ನೂ ಎರಡು ವಾರ ಕಾದರು. ಫೋನ್ ಮಾಡಿ ಹೋಗಿ ಎಂದು ಬಸವಲಿಂಗಮ್ಮ ಅಂದದ್ದಕ್ಕೆ, "ಫೋನ್ ಮಾಡಿದ್ರೆ ಏನು ಮಜಾ? ಸೀದಾ ಅವನ ಗ್ರಾನೈಟ್ ಮೇಲೆ ನಿಲ್ಲಿಸ್ತೀನಿ," ಎಂದರು. ಹೋಗುವ ದಿನ ಗಡ್ಡ ಮಾಡಿಸಿಕೊಂಡು ಬಂದರು, ಹಣೆಗೆ ವಿಭೂತಿ ಧರಿಸಿದರು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡರು. ಬೇಕರಿಯಿಂದ ವೆಂಕಟಸ್ವಾಮಿಗೆ ಇಷ್ಟವಾದ ಖಾರ ಬಿಸ್ಕತ್ತು ಅರ್ಧ ಕೇಜಿ ಕಟ್ಟಿಸಿದರು. ಕೈಚೀಲದಲ್ಲಿ ಬಿಸ್ಕತ್ತಿನ ಜೊತೆ ಆ ಮೂರು ಪೇಪರ್ ಹಾಳೆ.

"ಹಾಳೆ ಯಾಕಪ್ಪ?"

"ಅವನು ಫಿಟ್ಟರ್ ಕಣೇ. ಬಾಯಿ ಮಾತು ನಂಬಲ್ಲ, ಸಾಕ್ಷಿ ಕೇಳ್ತಾನೆ."

ಬಿಳೇಕಹಳ್ಳಿ, ಅರೆಕೆರೆ ಗೇಟು, ಹುಳಿಮಾವು ಗೇಟು. ಬನ್ನೇರುಘಟ್ಟ ರಸ್ತೆಯ ಧೂಳಿನಲ್ಲಿ ಗಾಡಿ ಡುಗುಡುಗು ಎನ್ನುತ್ತ ಸಾಗಿತು. ಹಿಂದೆ ಕೂತಿದ್ದ ಸ್ಪಂದನಾಳಿಗೆ ಅಪ್ಪ ಏನೋ ಗುನುಗುತ್ತಿರುವುದು ಬೆನ್ನಿನ ಅದುರುವಿಕೆಯಿಂದಲೇ ತಿಳಿಯುತ್ತಿತ್ತು.

ಗೇಟು ತೆರೆದೇ ಇತ್ತು. ಜಯದೇವಪ್ಪ ಸೀದಾ ಒಳಗೆ ನುಗ್ಗಿ ಗ್ರಾನೈಟಿನ ಮೇಲೆ ಗಾಡಿ ನಿಲ್ಲಿಸಿದರು. ಕಲ್ಲಿನ ಮೇಲೆ ಆರು ವರ್ಷದ ಹಿಂದಿನ ಕಲೆ ಮಸುಕಾಗಿ ಹಾಗೇ ಇತ್ತು. ಕಲೆಯ ಪಕ್ಕಕ್ಕೇ ಗಾಡಿ ಸರಿಸಿ, ಕೆಳಗೊಂದು ಹಾಳೆ ಹಾಸಿ, ಹಾರ್ನ್ ಬಾರಿಸಿದರು.

"ಲೋ ವೆಂಕ್ಟಾ! ಬಾರೋ ಆಚೆ! ನೋಡ್ ಬಾ!"

ಬಾಗಿಲಿಗೆ ಬಂದವರು ವೆಂಕಟಸ್ವಾಮಿಯ ಹೆಂಡತಿ ಲಕ್ಷ್ಮಿದೇವಮ್ಮ. ಅವರ ಹಣೆ ಬರಿದಾಗಿತ್ತು. ಹಿಂದೆ ಬಂದ ಮಗ ರಘುವಿನ ತಲೆಯಲ್ಲಿ ಕೂದಲು ಈಗಷ್ಟೇ ಬೆರಳಗಲ ಬೆಳೆದಿತ್ತು. ತೆರೆದ ಬಾಗಿಲಿನಾಚೆ, ಹಜಾರದ ಗೋಡೆಯಲ್ಲಿ, ಹಾರ ಹಾಕಿದ ಫೋಟೋದೊಳಗೆ ವೆಂಕಟಸ್ವಾಮಿ ಹಲ್ಲು ಬಿಟ್ಟು ನಗುತ್ತಿದ್ದರು.

ಹಾರ್ನಿನ ಮೇಲಿದ್ದ ಕೈಯನ್ನು ಜಯದೇವಪ್ಪ ತೆಗೆಯಲೇ ಇಲ್ಲ. ಅದು ಕೂಗುತ್ತಲೇ ಇತ್ತು. ಸ್ಪಂದನಾ ಅವರ ಬೆರಳನ್ನು ಬಿಡಿಸಿದಳು.

"ಈಗ ಬಂದ್ರಾ ಜಯಣ್ಣ," ಎಂದರು ಲಕ್ಷ್ಮಿದೇವಮ್ಮ. "ಮಣ್ಣಿಗೆ ಬರ್ಲಿಲ್ಲ. ಹೋಗ್ಲಿ, ಫೋನ್ ಆಫ್ ಬರ್ತಿತ್ತು, ಗೊತ್ತಾಗಿರಲ್ಲ ಅಂದ್ಕೊಂಡ್ವಿ. ತಿಥಿಗಾದ್ರೂ ಬರ್ತೀರಿ ಅಂತ ಎಲೆ ಹಾಕೋದನ್ನ ಅರ್ಧ ಗಂಟೆ ತಡ ಮಾಡ್ಸಿದೆ. ಅಷ್ಟು ಹಟಾನಾ?"

"ನಾನೇ ಬಂದು ಕಾರ್ಡ್ ಕೊಟ್ನಲ್ಲ ಅಂಕಲ್," ಎಂದ ರಘು. ಆ ದನಿ ಸ್ಪಂದನಾಳಿಗೆ ಗೊತ್ತಿತ್ತು. ಹೆಲ್ಮೆಟ್ಟಿನೊಳಗಿಂದ ಬಂದ ದನಿ. "ನೀವು ಮಲಗಿದ್ರಿ. ಇವ್ರ ಕೈಗೇ ಕೊಟ್ಟೆ. ಮರೀಬೇಡಿ ಅಂತಾನೂ ಹೇಳ್ದೆ."

ಮೂವರೂ ಅವಳತ್ತ ತಿರುಗಿದರು. ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಕರಿ ಕನ್ನಡಕದ ಹಿಂದೆ ಅಪ್ಪನ ಕಣ್ಣು ಕಾಣುತ್ತಿರಲಿಲ್ಲ. ತುಟಿ ತೆರೆದಳು. "ಅದು... ನಾನು..."

"ಸ್ಪಂದನಾ, ಸುಮ್ನಿರು," ಎಂದರು ಜಯದೇವಪ್ಪ. ಆಮೇಲೆ ಲಕ್ಷ್ಮಿದೇವಮ್ಮನ ಕಡೆ ತಿರುಗಿದರು. "ಕೊಟ್ಳು ತಾಯಿ. ಕಾರ್ಡು ನನ್ನ ಕೈ ಸೇರ್ತು. ನಾನೇ ಬರ್ಲಿಲ್ಲ."

ಲಕ್ಷ್ಮಿದೇವಮ್ಮ ಅವರನ್ನೇ ನೋಡಿದರು. "ಹೋದೋರ ಮೇಲೂ ಹಟ ಸಾಧಿಸಿದ್ರಲ್ಲ," ಎಂದರು. ಬೈಯುವ ದನಿಯಾಗಿರಲಿಲ್ಲ ಅದು, ದಣಿದಿತ್ತು. "ಅವ್ರೂ ಕಮ್ಮಿ ಏನಿರ್ಲಿಲ್ಲ ಬಿಡಿ. ಸಂಕ್ರಾಂತಿ ಆಗ್ಲಿ, ನಾನೇ ಹೋಗಿ ಉಜ್ಜಿಕೊಟ್ಟು ಬರ್ತೀನಿ, ಅವನ ಕೈಲಿ ಆಗಲ್ಲ ಅದು ಅಂತಿದ್ರು. ಹಬ್ಬದ ಮಾರನೇ ದಿನ ಎದೆ ಹಿಡ್ಕೊಂಡು ಕೂತೋರು ಮತ್ತೆ ಏಳ್ಲಿಲ್ಲ."

ಅವರನ್ನು ಒಳಗೆ ಕರೆದು ಎಲೆ ಹಾಕಿದರು. "ಅವತ್ತು ಬಿಟ್ಟು ಎದ್ದಿದ್ರಿ. ಇವತ್ತು ಉಂಡು ಏಳಿ." ಮುದ್ದೆ, ಸೊಪ್ಪಿನ ಸಾರು. ಜಯದೇವಪ್ಪ ಖಾರ ಬಿಸ್ಕತ್ತಿನ ಪೊಟ್ಟಣವನ್ನು ಫೋಟೋದ ಮುಂದಿಟ್ಟು ಬಂದು, ಕನ್ನಡಕ ತೆಗೆಯದೆ, ತಲೆ ಎತ್ತದೆ ಉಂಡರು. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಸ್ಪಂದನಾ ಮುದ್ದೆಯನ್ನು ಬೆರಳಲ್ಲಿ ಮುರಿಯುತ್ತಲೇ ಇದ್ದಳು. ಪಕ್ಕದಲ್ಲಿ ಕೂತವಳಿಗೆ ಕನ್ನಡಕದ ಅಂಚಿನಿಂದ ಇಳಿದದ್ದು ಕಂಡಿತು, ಡಾಕ್ಟರು ಬೇಡವೆಂದದ್ದು.

ಹೊರಡುವಾಗ ಯಾರೂ ಬರ್ತೀವಿ ಅನ್ನಲಿಲ್ಲ. ಗಾಡಿ ಹಿಂದಕ್ಕೆ ತೆಗೆದಾಗ ರಘು ಬಗ್ಗಿ ಪೇಪರ್ ಹಾಳೆ ಎತ್ತಿಕೊಂಡ. ತಿರುಗಿಸಿ ನೋಡಿದ.

"ಒಂದು ಹನೀನೂ ಇಲ್ಲ ಅಂಕಲ್," ಎಂದ.

ದಾರಿಯಲ್ಲಿ ಅಪ್ಪನ ಬೆನ್ನು ಸುಮ್ಮನಿತ್ತು. ಅರೆಕೆರೆ ಗೇಟಿನ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗದೆ ಕೇಳಿದರು: "ಎಲ್ಲಿಟ್ಟಿದ್ದೆ?"

"ಟೂಲ್ ಬಾಕ್ಸಲ್ಲಿ." ಉಳಿದದ್ದನ್ನೂ ಅವಳು ಹೇಳಿದಳು. "ಎಲ್ಲದರ ಮೇಲೆ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಬೈದು ಮುಂದೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಗಾಡಿ ಹೊರಟಿತು. ಅಲ್ಲಿಂದ ಮನೆಯವರೆಗೆ ಜಯದೇವಪ್ಪ ಅದನ್ನು ಎಂದೂ ಇಲ್ಲದಷ್ಟು ನಿಧಾನವಾಗಿ, ಹಳ್ಳ ಕಂಡಲ್ಲೆಲ್ಲ ಪಕ್ಕಕ್ಕೆ ಸರಿಸಿ, ತುಂಬಿದ ಕೊಡ ಹೊತ್ತವರಂತೆ ಓಡಿಸಿದರು.

ವರಾಂಡದಲ್ಲಿ ಗಾಡಿ ನಿಂತ ಮೇಲೆ ಸ್ಪಂದನಾ ಟೂಲ್ ಬಾಕ್ಸಿನ ಮುಂದೆ ಕುಕ್ಕರಿಸಿ ಮುಚ್ಚಳ ತೆರೆದಳು. ಎಮರಿ ಪೇಪರಿನ ಕೆಳಗೆ ಆ ನಡುವಿನ ತುಂಡು ಸಿಕ್ಕಿತು, ಅಂಗೈಯಗಲದ್ದು. ತಿರುಗಿಸಿದಳು. ಸಣ್ಣ ಫೋಟೋ, ಅದೇ ನಗು. ಅಂಚಿನಲ್ಲಿ ಒಂದು ಬೆರಳಗಲ ಎಣ್ಣೆ ಹೀರಿಕೊಂಡಿತ್ತು. ಹೆಸರಿನ ಅರ್ಧ ಮಾತ್ರ ಇದರಲ್ಲಿತ್ತು, ಇನ್ನರ್ಧ ಎಂಜಿನ್ನಿನಲ್ಲಿತ್ತು.

"ನಾನು ಓದ್ಲಿಲ್ಲ ಅಪ್ಪ. ಯಾರು ಅಂತಾನೂ ಕೇಳ್ಲಿಲ್ಲ. ಒಂದು ಮಾತು ಕೇಳಿದ್ರೆ ಸಾಕಿತ್ತು. ನನ್ನಿಂದಾನೇ ನಿಮಗೆ ಅಲ್ಲಿ..." ಅವಳು ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಿಲ್ಲ. "ನಾಳೆ ನಾನೇ ಹೋಗಿ ಲಕ್ಷ್ಮಿದೇವಮ್ಮ ಆಂಟಿಗೆ ಹೇಳ್ತೀನಿ."

ಜಯದೇವಪ್ಪ ತುಂಡನ್ನು ಕೈಗೆ ತೆಗೆದುಕೊಂಡರು. ಹೊಸ ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ಬೇಡ. ಕಾರ್ಡು ಬಂದ ದಿನದ್ದು ನಿನ್ನ ತಪ್ಪು. ಅದಕ್ಕೆ ಮುಂಚೆ ಆರು ವರ್ಷ ಇತ್ತಲ್ಲ, ಅದು ಯಾರದ್ದು?"

ಅವಳು ಬಾಕ್ಸಿನೊಳಗೆ ಕೈಯಾಡಿಸಿದಳು. ಸ್ಪಾನರ್ ಎತ್ತಿಕೊಂಡಳು. "ಬಿಚ್ಚಿ ಬೇರೆ ಹಾಕ್ತೀನಿ. ಕ್ಯಾಲೆಂಡರ್ ರಟ್ಟಿದೆ."

"ಮುಟ್ಬೇಡ. ಒಂದ್ಸಲ ಕೂತಿದ್ದನ್ನ ಬಿಚ್ಚಿದ್ರೆ ಹರಿಯುತ್ತೆ." ಅವರು ಬಗ್ಗಿ, ಡಾಕ್ಟರನ್ನು ಮರೆತು, ಇನ್ನೂ ಬಿಸಿಯಾಗಿದ್ದ ಆ ಮುಚ್ಚಳದ ಮೇಲೆ ಅಂಗೈ ಇಟ್ಟರು. ತೆಗೆಯಬೇಕಾದಷ್ಟು ಸುಡುತ್ತಿತ್ತು, ತೆಗೆಯಲಿಲ್ಲ. "ಇರ್ಲಿ. ಊರು ಸುತ್ಲಿ."

ಅಡುಗೆ ಮನೆಯಿಂದ ಬಸವಲಿಂಗಮ್ಮನ ದನಿ ಬಂತು: "ಏನಂದ್ರೀ ನಿಮ್ಮ ಸ್ನೇಹಿತ್ರು? ನಿಂತಿದ್ದು ನೋಡಿ ಬಾಯಿ ಮುಚ್ಕೊಂಡ್ರಾ?"

ಜಯದೇವಪ್ಪ ನಲ್ಲಿಯ ಕೆಳಗೆ ಕೈಕಾಲು ತೊಳೆದುಕೊಂಡರು. ಒರೆಸಿಕೊಂಡು, ಆ ತುಂಡನ್ನು ಬಿಳಿ ಶರ್ಟಿನ ಜೇಬಿಗೆ ಹಾಕಿದರು. ಎಣ್ಣೆ ಬಟ್ಟೆಗೆ ಇಳಿಯತೊಡಗಿತು. ಅಂಥ ಕಾರ್ಡು ಹೊಸಿಲು ದಾಟಬಾರದು ಎಂಬುದು ಸ್ಪಂದನಾಳಿಗೆ ಗೊತ್ತಿತ್ತು. ಅವಳಿಗೆ ಅದನ್ನು ಕಲಿಸಿದ್ದೇ ಅವರು. ಅಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡು ಹೊಸಿಲು ದಾಟಿ ಒಳಗೆ ಹೋದರು. ಅವಳು ಏನೂ ಅನ್ನದೆ ದಾರಿ ಬಿಟ್ಟು ನಿಂತಳು.